ಎಡಗಡೆಯ ಖಾಲಿ ಜಾಗ

ಜನ ಜಮೀನಿಗೆ ಜಗಳವಾಡುತ್ತಾರೆ, ನೀರಿಗೆ ಜಗಳವಾಡುತ್ತಾರೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಾರೆ. ನಾನು ಎರಡು ವರ್ಷ ಜಗಳವಾಡಿದ್ದು ಏನೂ ಇಲ್ಲದ ಜಾಗಕ್ಕೆ. ಬರೆಯುವ ಸಾಲಿನಲ್ಲಿ ಅಕ್ಷರ ಶುರುವಾಗುವ ಮೊದಲು ಎಡಗಡೆ ಬಿಡುತ್ತೇವಲ್ಲ, ಆ ಖಾಲಿ ಜಾಗಕ್ಕೆ. ಎದುರಾಳಿ ನನ್ನ ತಂದೆಯ ವಯಸ್ಸಿನವರು, ಕಾಲಕ್ಕೆ ಸರಿಯಾಗಿ ನನಗೆ ಬೇಯಿಸಿದ ಕಡಲೆಕಾಯಿ ತಂದುಕೊಡುತ್ತಿದ್ದವರು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ನಮ್ಮ ಆಫೀಸು ಮಧುಗಿರಿಯಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಆಫೀಸು ಅಂದರೆ ಎರಡು ರೂಮು. ಒಂದರ ತುಂಬ ಡಬ್ಬಗಳು, ವೈರು, ಬೆಸುಗೆಯ ಸಾಮಾನು. ಇನ್ನೊಂದರಲ್ಲಿ ನಾನು ಮತ್ತು ಮೇಷ್ಟ್ರು. ನಾವು ಮಾಡುತ್ತಿದ್ದದ್ದು ಬೋರ್‌ವೆಲ್ ಮೋಟರಿಗೆ ಹಾಕುವ ಸ್ಟಾರ್ಟರ್ ಡಬ್ಬ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಅದು ರೈತನ ಮೊಬೈಲಿಗೆ ಸುದ್ದಿ ಕೊಡುತ್ತದೆ. ಅವನು ಮನೆಯ ಜಗಲಿಯಲ್ಲಿ ಕೂತು ಒತ್ತಿದರೆ ಮೋಟರು ಶುರುವಾಗುತ್ತದೆ. ಬೋರಿನಲ್ಲಿ ನೀರು ನಿಂತರೆ ಮೋಟರು ಸುಡುವ ಮೊದಲೇ ತಾನಾಗಿ ನಿಲ್ಲುತ್ತದೆ. ಆ ಡಬ್ಬದ ಒಳಗಿನ ಬುದ್ಧಿಯನ್ನು, ಅಂದರೆ ಕೋಡನ್ನು, ಬರೆಯುವುದು ನಮ್ಮಿಬ್ಬರ ಕೆಲಸ. ನಾನು ಹೊಳವನಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿ, ಕೊರಟಗೆರೆಯಲ್ಲಿ ಇಳಿದು ಇನ್ನೊಂದು ಹತ್ತಿ, ಒಂಬತ್ತೂವರೆಗೆ ಅಲ್ಲಿರುತ್ತಿದ್ದೆ. ಊರು ಬಿಡದೆ, ಮನೆಯಲ್ಲಿ ಉಂಡು ಮನೆಯಲ್ಲೇ ಮಲಗಿಕೊಂಡು ಮಾಡಬಹುದಾದ ಕೋಡಿನ ಕೆಲಸ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ನನಗೆ ಗೊತ್ತಿದ್ದ ಹಾಗೆ ಅದೊಂದೇ ಇತ್ತು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಶಿರಾದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಟೈಪಿಂಗ್ ಕಲಿಯಲು ಬರುವವರು ನಿಂತುಹೋದ ಮೇಲೆ ಅದೇ ಮೇಜುಗಳ ಮೇಲೆ ಕಂಪ್ಯೂಟರ್ ಇಟ್ಟು, ಬೇರೆಯವರಿಗೆ ಕಲಿಸುತ್ತಾ ಕಲಿಸುತ್ತಾ ತಾವೇ ಕೋಡು ಬರೆಯುವುದನ್ನು ಕಲಿತರು. ಊರು ಗೌಡಗೆರೆ. ಅಲ್ಲಿ ಸ್ವಲ್ಪ ಖುಷ್ಕಿ ಜಮೀನು, ಅದರಲ್ಲಿ ವರ್ಷಾ ವರ್ಷಾ ಕಡಲೆಕಾಯಿ. ನಾನು ಸೇರುವ ಮೊದಲೇ ಅವರು ಅಲ್ಲಿದ್ದರು. ಸೇರಿದ ಮೊದಲ ದಿನವೇ ನಾನು ಅವರ ಕೋಡು ತೆರೆದು ನೋಡಿದೆ, ನನ್ನ ತಲೆ ಕೆಟ್ಟುಹೋಯಿತು.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಕೋಡು ಅಂದರೆ ಯಂತ್ರಕ್ಕೆ ಸಾಲುಸಾಲಾಗಿ ಬರೆಯುವ ಅಪ್ಪಣೆ. ‘ಕರೆಂಟು ಬಂದರೆ’ ಅಂತ ಒಂದು ಸಾಲು. ಬಂದರೆ ಏನೇನು ಮಾಡಬೇಕು ಅನ್ನುವುದು ಅದರ ಕೆಳಗಿನ ಸಾಲುಗಳು. ಆ ಕೆಳಗಿನವನ್ನು ಒಂದಿಷ್ಟು ಬಲಕ್ಕೆ ಸರಿಸಿ ಬರೆಯುತ್ತಾರೆ, ಯಾವುದು ಯಾವುದರ ಹೊಟ್ಟೆಯೊಳಗಿದೆ ಅಂತ ಕಣ್ಣಿಗೆ ಕಾಣಲಿ ಅಂತ. ನಾವು ಬರೆಯುತ್ತಿದ್ದ ಭಾಷೆಯಲ್ಲಿ ಯಂತ್ರಕ್ಕೆ ಈ ಜಾಗದ ಗೊಡವೆಯೇ ಇಲ್ಲ. ಅದಕ್ಕೆ ಬ್ರಾಕೆಟ್ ಸಾಕು. ಜಾಗ ಬಿಡುವುದು ಮನುಷ್ಯರಿಗೋಸ್ಕರ, ಹಾಗಾಗಿ ಜಗಳವೂ ಪೂರ್ತಿಯಾಗಿ ಮನುಷ್ಯರದೇ.

ನನ್ನ ಪದ್ಧತಿ ನಾಲ್ಕು ಸ್ಪೇಸ್. ಕಾಲೇಜಿನಲ್ಲಿ ಹಾಗೇ ಕಲಿತದ್ದು, ಲೋಕವೆಲ್ಲ ಹಾಗೇ ಇದೆ ಅಂದುಕೊಂಡಿದ್ದೆ. ಮೇಷ್ಟ್ರದು ಟ್ಯಾಬ್. ಟ್ಯಾಬ್ ಕೀಲಿ ಒಂದು ಸಲ ಒತ್ತಿದರೆ ಒಂದೇ ಜಿಗಿತಕ್ಕೆ ಬಲಕ್ಕೆ. ಟೈಪ್‌ರೈಟರಿನ ಮೇಲೆ ಮೂವತ್ತು ವರ್ಷ ಓಡಾಡಿದ ಬೆರಳು ಅದು, ನಾಲ್ಕು ಸಲ ಒತ್ತು ಅಂದರೆ ಒತ್ತುವುದಿಲ್ಲ. ತೊಂದರೆ ಏನೆಂದರೆ ಆ ಜಿಗಿತ ಅವರ ಪರದೆಯ ಮೇಲೆ ಒಂದಳತೆ, ನನ್ನ ಪರದೆಯ ಮೇಲೆ ಇನ್ನೊಂದಳತೆ. ಅವರ ಕಡೆ ಚೆಂದ ಕಾಣುವ ಸಾಲು ನನ್ನ ಕಡೆ ಬಲಗಡೆಯ ಅಂಚು ದಾಟಿ ಬಸ್ ಸ್ಟ್ಯಾಂಡಿನವರೆಗೆ ಹೋಗಿರುತ್ತಿತ್ತು. ಇಬ್ಬರೂ ಮುಟ್ಟಿದ ಫೈಲಿನಲ್ಲಂತೂ ಎರಡೂ ಕಲಸಿಕೊಂಡು, ಯಾವ ಸಾಲು ಎಲ್ಲಿ ನಿಂತಿದೆ ಅಂತ ಹುಡುಕಬೇಕಾಗುತ್ತಿತ್ತು.

ಸೇರಿದ ವರ್ಷವೇ ಹದಿನಾಲ್ಕು ನಿಯಮಗಳ ಪಟ್ಟಿ ಮಾಡಿ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದೆ. ಎಷ್ಟು ಜಾಗ, ಬ್ರಾಕೆಟ್ ಎಲ್ಲಿ, ಒಂದು ಸಾಲು ಎಷ್ಟು ಉದ್ದ, ಎಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ನಿಂತೇ ಪೂರ್ತಿ ಓದಿದರು. ಟೈಪಿಂಗಿನಲ್ಲಿ ಒಂದೂ ತಪ್ಪಿಲ್ಲ ಅಂತ ಹೊಗಳಿದರು. ಅವರ ಮೇಜಿಗೂ ಒಂದು ಪ್ರತಿ ಕೊಟ್ಟೆ. ಮುಂದಿನ ವಾರ ನೋಡಿದರೆ ಅದರ ಮೇಲೆ ಕಡಲೆಕಾಯಿ ಸಿಪ್ಪೆ. ಎರಡನೇ ನಿಯಮದ ಮೇಲೆ ಸಿಪ್ಪೆ, ಒಂಬತ್ತನೆಯದರ ಮೇಲೆ ಉಪ್ಪುನೀರು. ನಾನು ಒಂದು ದಿನವಿಡೀ ಅವರ ಹತ್ತಿರ ಮಾತಾಡಲಿಲ್ಲ, ಸಂಜೆಯ ಹೊತ್ತಿಗೆ ಅವರು ಅದನ್ನು ಗಮನಿಸಿಯೇ ಇಲ್ಲ ಅಂತ ಗೊತ್ತಾಗಿ ಇನ್ನಷ್ಟು ಉರಿಯಿತು.

ನಮ್ಮ ಅವ್ವನಿಗೆ ಈ ವಿಷಯ ಹೇಳಿದಾಗ ತಟ್ಟೆ ಕೆಳಗಿಟ್ಟು ನಕ್ಕಳು. ಅವಳು ನಗುವುದರಲ್ಲಿ ನ್ಯಾಯವಿತ್ತು. ನನ್ನ ಬಟ್ಟೆಗಳು ಬೀರುವಿನಲ್ಲಿ ಇದ್ದದ್ದಕ್ಕಿಂತ ಕುರ್ಚಿಯ ಮೇಲೆ ಗುಡ್ಡೆಯಾಗಿದ್ದದ್ದೇ ಹೆಚ್ಚು. ಆದರೆ ಕೋಡಿನ ವಿಷಯದಲ್ಲಿ ನಾನು ಮಡಿ ಹೆಂಗಸು. ಒಂದು ಸ್ಪೇಸ್ ಹೆಚ್ಚಾದರೂ ಮೈಲಿಗೆ.

ಪಂಚಾಯ್ತಿ ಓನರ ಹತ್ತಿರ ಹೋಯಿತು. ಓನರು ಪಾವಗಡದ ಕಡೆಯವರು. ಕೋಡು ಬರೆಯಲು ಬಾರದು, ಡಬ್ಬ ಮಾರಲು ಮಾತ್ರ ಬರುತ್ತದೆ. ನಾನು ಎರಡು ಲ್ಯಾಪ್‌ಟಾಪನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಎರಡನ್ನೂ ನೋಡಿ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ್ದು ಇಷ್ಟೇ: “ಏಂದಮ್ಮಾ ಇದಿ, ಖಾಲಿ ಜಾಗಕ್ಕೂ ಪಂಚಾಯ್ತಿನಾ? ಮೋಟ್ರು ತಿರುಗ್ತೈತಾ ಲೇದಾ, ಅದು ಚೆಪ್ಪು.” ಮೋಟರು ತಿರುಗುತ್ತಿತ್ತು. ಕೇಸು ಅಲ್ಲಿಗೆ ಬಿದ್ದುಹೋಯಿತು.

ಟ್ಯಾಬಿಗಿಂತ ನನಗೆ ಹೆಚ್ಚು ಕೋಪ ಬರಿಸುತ್ತಿದ್ದದ್ದು ಅವರ ಇನ್ನೊಂದು ಅಭ್ಯಾಸ. ಸುಮಾರು ಎಂಟು ಸಾಲಿಗೊಮ್ಮೆ, ಎಲ್ಲ ಸಾಲುಗಳೂ ಬಲಕ್ಕೆ ಸರಿದು ನಿಂತಿರುವಾಗ, ಒಂದು ಸಾಲು ಮಾತ್ರ ಎಡ ಅಂಚಿಗೆ ಬಂದು ಕೂತಿರುತ್ತಿತ್ತು. ಅದು ಡಬ್ಬದಿಂದ ಆಫೀಸಿಗೆ ‘ಇಲ್ಲಿಯವರೆಗೆ ಬಂದೆ, ಎಲ್ಲ ಸರಿಯಿದೆ’ ಅಂತ ಸುದ್ದಿ ಕಳಿಸುವ ಸಾಲು. ಯಾಕೆ ಹಾಗೆ ಅಂತ ಕೇಳಿದರೆ ನಗುತ್ತಿದ್ದರು. ಒಂದು ದಿನ ಗೌಡಗೆರೆ ಹತ್ತಿರದ ಹೊಲವೊಂದರಲ್ಲಿ ಡಬ್ಬ ಕೆಟ್ಟಿತ್ತು, ಇಬ್ಬರೂ ಹೋದೆವು. ರಿಪೇರಿ ಮುಗಿಸಿ ಬರುವಾಗ ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ಕಡಲೆಕಾಯಿ ಸಾಲುಗಳ ಮಧ್ಯೆ ಅಲ್ಲಲ್ಲಿ ಒಂದೊಂದು ತೊಗರಿ ಸಾಲು ಎತ್ತರಕ್ಕೆ ನಿಂತಿತ್ತು. ಅದಕ್ಕೆ ಅಕ್ಕಡಿ ಅನ್ನುತ್ತಾರೆ, ನಮ್ಮ ಕಡೆಯೂ ಹಾಕುತ್ತಾರೆ.

“ಎಂಟು ಸಾಲಿಗೊಂದು ಅಕ್ಕಡಿ ಬುಡಬೇಕು ಕಣಮ್ಮ,” ಅಂದರು. “ಕಡ್ಲೆಕಾಯಿ ಕೈಕೊಟ್ರೂ ತೊಗರಿ ನಿಂತ್ಕೊಂಡಿರ್ತದೆ. ದೂರದಿಂದ ನೋಡಿದ್ರೂ ನಮ್ಮ ಹೊಲ ಎಲ್ಲೈತೆ ಅಂತ ಗೊತ್ತಾಗ್ತದೆ.”

ನಾನು ಕೋಡು ಹೊಲವಲ್ಲ ಅಂದೆ. ಹಾಗೆ ಅಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಡಬ್ಬ ಎಲ್ಲಿ ಕೆಟ್ಟಿದೆ ಅಂತ ಆ ದಿನ ಐದೇ ನಿಮಿಷದಲ್ಲಿ ಗೊತ್ತಾದದ್ದು ಅವರ ಆ ಎಡ ಅಂಚಿನ ಸಾಲಿನಿಂದಲೇ ಅನ್ನುವುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ಒಂದು ದಿನ ಬಸ್ಸಿನಲ್ಲಿ ಕೊರಟಗೆರೆಯಿಂದ ಮಧುಗಿರಿಯವರೆಗೆ ಒಂಟಿ ಕಾಲಿನಲ್ಲಿ ನಿಂತು ಬಂದಿದ್ದೆ. ಬಂದು ಫೈಲು ತೆರೆದರೆ, ಹಿಂದಿನ ದಿನವೆಲ್ಲ ಕೂತು ನಾನು ಒಪ್ಪ ಮಾಡಿದ್ದ ಫೈಲು ಮತ್ತೆ ಟ್ಯಾಬಿನ ಪಾಲಾಗಿತ್ತು. ಮೇಷ್ಟ್ರು ಬೇಕಂತ ಮಾಡಿದ್ದಲ್ಲ, ಅವರ ಕಂಪ್ಯೂಟರು ತಾನಾಗಿ ಹಾಗೆ ಬದಲಿಸಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ನೆತ್ತಿಗೇರಿತು. ಮೇಷ್ಟ್ರು ಆ ದಿನ ಡಬ್ಬ ಕೂರಿಸಲು ಶಿರಾ ಕಡೆ ಹೋಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ನಾನು ಕೋಡನ್ನು ಒಂದೇ ಏಟಿಗೆ ಸಾಲು ಮಾಡಿಕೊಡುವ ಒಂದು ಉಪಕರಣ ತಂದು, ನನ್ನ ಹದಿನಾಲ್ಕು ನಿಯಮಗಳನ್ನೂ ಅದಕ್ಕೆ ಉಣಿಸಿ, ನಮ್ಮ ಇಡೀ ಕೋಡಿನ ಮೇಲೆ ಓಡಿಸಿದೆ. ಎಲ್ಲ ಫೈಲೂ, ಎಲ್ಲ ಸಾಲೂ. ಒಂದು ನಿಮಿಷವೂ ಹಿಡಿಯಲಿಲ್ಲ. ಮೇಷ್ಟ್ರ ಕಂಪ್ಯೂಟರು ಮತ್ತೆ ಟ್ಯಾಬಿಗೆ ತಿರುಗಿಸದ ಹಾಗೆ ಅದರ ಸೆಟ್ಟಿಂಗನ್ನೂ ಬದಲಿಸಿಟ್ಟೆ. ಎಡ ಅಂಚಿನ ಸಾಲುಗಳೆಲ್ಲ ಬಾಲ ಮುದುರಿಕೊಂಡು ಒಳಗೆ ಸರಿದವು. ಅಷ್ಟು ಸುಖ ನನಗೆ ಮದುವೆ ಮನೆಯ ಊಟದಲ್ಲೂ ಆಗಿಲ್ಲ. ಕೆಳಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಂದು ಒಬ್ಬಳೇ ತಿಂದೆ.

ಮರುದಿನ ಮೇಷ್ಟ್ರು ಬಂದು ನೋಡಿದರು. ಬಹಳ ಹೊತ್ತು ಮೇಲೆ ಕೆಳಗೆ ಓಡಿಸಿ ನೋಡಿದರು. “ಚೆನ್ನಾಗೈತೆ ಕಣಮ್ಮ,” ಅಂದರು. “ಯಾವುದು ಎಲ್ಲೈತೆ ಅಂತ ನಂಗೆ ತಿಳೀತಿಲ್ಲ, ಅಷ್ಟೇ.” ಆಮೇಲೆ ಒಂದು ವಾರ, ತಾವೇ ಬರೆದ ಕೋಡಿನಲ್ಲಿ ದಾರಿ ತಪ್ಪಿದವರ ಹಾಗೆ ಹುಡುಕಾಡಿದರು. ನಾನು ಗೆದ್ದೆ ಅಂದುಕೊಂಡೆ.

ಗೆದ್ದದ್ದರಲ್ಲಿ ಒಂದು ವಿಷಯ ಅಡಗಿತ್ತು, ಅದು ನನಗೆ ಆ ದಿನವೇ ಗೊತ್ತಿತ್ತು. ಹಂಚಿಕೊಂಡು ಬರೆಯುವ ಕೋಡಿನಲ್ಲಿ ಪ್ರತಿ ಸಾಲಿನ ಪಕ್ಕ, ಕೇಳಿದರೆ ಮಾತ್ರ ಕಾಣಿಸುವ ಒಂದು ಹೆಸರಿರುತ್ತದೆ, ಆ ಸಾಲನ್ನು ಕೊನೆಯದಾಗಿ ಮುಟ್ಟಿದವರ ಹೆಸರು. ನಾನು ಒಂದೇ ನಿಮಿಷದಲ್ಲಿ ಎಲ್ಲ ಸಾಲುಗಳನ್ನೂ ಮುಟ್ಟಿದ್ದೆ. ಖಾಲಿ ಜಾಗ ಬದಲಿಸಿದ್ದೂ ಮುಟ್ಟಿದ ಹಾಗೆಯೇ. ಆ ಮಧ್ಯಾಹ್ನದಿಂದ ಇಡೀ ಡಬ್ಬದ ಬುದ್ಧಿ ನನ್ನ ಹೆಸರಿಗೆ ಆಗಿತ್ತು. ಹೆಸರು ತಾನೇ, ಯಾರು ನೋಡುತ್ತಾರೆ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಆರೇಳು ತಿಂಗಳ ಮೇಲೆ ಓನರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಡಬ್ಬದ ಕೆಲಸವನ್ನು ಒಂದು ದೊಡ್ಡ ಕಂಪನಿಗೆ ಕೊಟ್ಟುಬಿಡುತ್ತಿದ್ದೇನೆ ಅಂದರು. ಕಂಪನಿಯವರು ಮಧುಗಿರಿಯ ಆಫೀಸನ್ನು ಹಾಗೇ ಇಟ್ಟುಕೊಳ್ಳುತ್ತಾರಂತೆ. ಆದರೆ ಕೋಡಿನವರಲ್ಲಿ ಒಬ್ಬರು ಸಾಕಂತೆ. ಯಾರು ಬರೆದಿದ್ದಾರೋ ಅವರನ್ನು ಇಟ್ಟುಕೊಳ್ಳುತ್ತಾರಂತೆ. ಅದಕ್ಕೆ ಅವರು ಸಾಲುಗಳ ಪಕ್ಕದ ಹೆಸರುಗಳನ್ನೆಲ್ಲ ಎಣಿಸಿ ಒಂದು ಪಟ್ಟಿ ಕಳಿಸಿದ್ದರು. ಪಟ್ಟಿಯಲ್ಲಿ ನನ್ನ ಹೆಸರು ಉದ್ದಕ್ಕೂ ಇತ್ತು. ಮೇಷ್ಟ್ರ ಹೆಸರು ಕೊನೆಯ ಆರು ತಿಂಗಳಲ್ಲಿ ಬರೆದ ಒಂದು ಸಣ್ಣ ಫೈಲಿನ ಪಕ್ಕ ಮಾತ್ರ.

ಮೇಷ್ಟ್ರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓದಿದರು. ಐವತ್ತಾರು ವಯಸ್ಸು. ಕಾಲೇಜಿನ ಸರ್ಟಿಫಿಕೇಟು ಇಲ್ಲ. ಇಲ್ಲಿಂದ ಹೊರಗೆ ಬಿದ್ದರೆ ಅವರನ್ನು ಕೋಡು ಬರೆಯಲು ಇನ್ನೊಬ್ಬರು ಕರೆಯುವುದಿಲ್ಲ ಅನ್ನುವುದು ಆ ರೂಮಿನಲ್ಲಿದ್ದ ಮೂವರಿಗೂ ಗೊತ್ತಿತ್ತು. ಅವರು ಏನಾದರೂ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ. ಅವರಿಗೆ ಕೋಡು ಬರೆಯುವುದು ಗೊತ್ತಿತ್ತು, ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರು ಅಂತ ಕೋಡಿನ ಚರಿತ್ರೆ ತೆಗೆದು ನೋಡುವುದು ಗೊತ್ತಿರಲಿಲ್ಲ. ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಕಂಪನಿಯವರು ಮಾತಾಡಲು ಹತ್ತು ದಿನ ಬಿಟ್ಟು ಒಂದು ಸೋಮವಾರ ಗೊತ್ತುಮಾಡಿದ್ದರು. ಆ ಹತ್ತು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಕಾರಣಗಳಿಗೇನು ಬರ. ಕೇಳಿದರೆ ಹೇಳೋಣ ಅಂದುಕೊಂಡೆ. ನಾನೂ ಎರಡು ವರ್ಷ ದುಡಿದಿದ್ದೇನೆ, ಅರ್ಧವಾದರೂ ನನ್ನದೇ ಇರುತ್ತದೆ ಅಂದುಕೊಂಡೆ. ಅವರಿಗೆ ಹೊಲವಿದೆ, ನನಗೇನಿದೆ ಅಂತಲೂ ಅಂದುಕೊಂಡೆ, ಇದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಭಾನುವಾರ ಅವ್ವ ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋದಳು, ಮಗಳಿಗೆ ಕೆಲಸ ಗಟ್ಟಿಯಾಗಲಿ ಅಂತ ಅವಳ ಹರಕೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ದೇವರ ಮುಂದೆ ನಿಂತು ವಿಷಯ ಹೇಳಿಕೊಳ್ಳೋಣ ಅಂದರೆ ಎಲ್ಲಿಂದ ಶುರು ಮಾಡುವುದು, ಟ್ಯಾಬ್ ಅಂದರೇನು ಅಂತ ಮೊದಲು ಅವನಿಗೆ ವಿವರಿಸಬೇಕಲ್ಲ. ಸುಮ್ಮನೆ ಕೈಮುಗಿದು ಇಳಿದು ಬಂದೆ.

ಸೋಮವಾರ ನಾವಿಬ್ಬರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಪಕ್ಕಪಕ್ಕ ಕೂತೆವು, ಹಿಂದೆ ಓನರು ನಿಂತಿದ್ದರು. ವಿಡಿಯೋ ಕರೆಯಲ್ಲಿ, ಪರದೆಯ ಆ ಕಡೆ ಕಂಪನಿಯವರು ಒಬ್ಬರು, ಮರ್ಯಾದಸ್ಥ ಮನುಷ್ಯ, ನಿಧಾನಕ್ಕೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಮೊದಲು ಮೇಷ್ಟ್ರನ್ನು ಕೇಳಿದರು, ಈ ಕೋಡಿನಲ್ಲಿ ನೀವು ಬರೆದ ಮುಖ್ಯ ಭಾಗ ಯಾವುದು ಅಂತ.

ಮೇಷ್ಟ್ರು ಜೇಬಿನಿಂದ ಆ ಪಟ್ಟಿ ತೆಗೆದರು. ಮಡಿಕೆ ಬಿಚ್ಚಿ ಬಿಚ್ಚಿ ಅದು ಅಂಚಿನಲ್ಲಿ ಹರಿಯಲು ಶುರುವಾಗಿತ್ತು, ಹತ್ತು ದಿನದಲ್ಲಿ ಎಷ್ಟು ಸಲ ನೋಡಿದ್ದರೋ.

“ಮೋಟ್ರು ಶುರು ಮಾಡೋ ಭಾಗ, ನೀರು ನಿಂತ್ರೆ ಆಫ್ ಮಾಡೋ ಭಾಗ, ಎಲ್ಡೂ ನಾನೇ ಬರ್ದಿದ್ದು ಅಂತ ಅನ್ಕೊಂಡಿದ್ದೆ ಸಾರ್,” ಅಂದರು. “ಇದ್ರಲ್ಲಿ ನೋಡಿದ್ರೆ ಈಯಮ್ಮನ ಹೆಸ್ರು ಐತೆ. ಮಿಷನ್ನು ಸುಳ್ಳು ಹೇಳಲ್ಲ. ವಯಸ್ಸಾಯ್ತು, ನಂಗೇ ಮರ್ತೋಗಿರ್ಬೇಕು.”

ಅವರು ಅದನ್ನು ವ್ಯಂಗ್ಯವಾಗಿ ಹೇಳಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ವ್ಯಂಗ್ಯ ಇರಲಿಲ್ಲ. ಹತ್ತು ದಿನ ಆ ಕಾಗದ ನೋಡಿ ನೋಡಿ, ತಮ್ಮ ತಲೆಯೇ ಕೆಟ್ಟಿದೆ ಅಂತ ಆ ಮನುಷ್ಯ ನಂಬಿಬಿಟ್ಟಿದ್ದರು. ಅದು ಹಾಗಲ್ಲ ಅಂತ ನನ್ನ ಬಾಯಿಂದ ಬಂತು. ಪಟ್ಟಿ ತಪ್ಪು, ತಪ್ಪು ನನ್ನದು, ಒಂದು ದಿನ ಸಿಟ್ಟಿನಲ್ಲಿ ಎಲ್ಲ ಸಾಲುಗಳ ಖಾಲಿ ಜಾಗ ಬದಲಿಸಿದ್ದೆ, ಅದಕ್ಕೇ ನನ್ನ ಹೆಸರು ಬಂದಿದೆ ಅಂತ ಹೇಳಿದೆ. ಓನರು ಹಿಂದಿನಿಂದ ತೆಲುಗಿನಲ್ಲಿ ಏನೋ ಗೊಣಗಿದರು. ಕಂಪನಿಯವರು ಇದನ್ನು ತೋರಿಸಲು ಆಗುತ್ತದಾ ಅಂತ ಕೇಳಿದರು.

ಆಗುತ್ತದೆ. ಖಾಲಿ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಅಕ್ಷರ ಬರೆದವರ ಹೆಸರು ಮಾತ್ರ ತೋರಿಸು ಅಂತ ಯಂತ್ರಕ್ಕೆ ಹೇಳುವ ಒಂದು ಅಪ್ಪಣೆಯಿದೆ. ಒಂದೇ ಅಕ್ಷರ ಹೆಚ್ಚಿಗೆ ಟೈಪ್ ಮಾಡಿದರೆ ಸಾಕು. ಹತ್ತು ದಿನ ನನ್ನ ಬೆರಳ ತುದಿಯಲ್ಲೇ ಇತ್ತು. ಟೈಪ್ ಮಾಡುವಾಗ ನಾನು ಒಳಗೊಳಗೇ ಸ್ವಲ್ಪ ಉಬ್ಬಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಸತ್ಯ ಹೇಳಿದವಳು ಅಂತ ಹೆಸರೂ ಬರುತ್ತದೆ, ಅರ್ಧ ಕೋಡು ನನ್ನದು ಅಂತ ಕಾಣಿಸಿದರೆ ಕೆಲಸವೂ ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದೆ.

ಹೆಸರುಗಳು ಬದಲಾದವು. ಮೋಟರು ಶುರು ಮಾಡುವ ಭಾಗ ಮೇಷ್ಟ್ರದು. ನೀರು ನಿಂತರೆ ಆಫ್ ಮಾಡುವುದು ಮೇಷ್ಟ್ರದು. ಮೊಬೈಲಿಗೆ ಸುದ್ದಿ ಕಳಿಸುವುದು ನಾನು ಬರೆದದ್ದು ಅಂತ ಯಾರಾದರೂ ಕೇಳಿದ್ದರೆ ಪ್ರಮಾಣ ಮಾಡುತ್ತಿದ್ದೆ. ಅದೂ ಮೇಷ್ಟ್ರದು, ಅದರಲ್ಲಿ ನಾನು ಕೋಡಿನೊಳಗೆ ಬಳಸುವ ಎರಡು ಹೆಸರು ಬದಲಿಸಿ ಬ್ರಾಕೆಟ್ ಕೆಳಗಿನ ಸಾಲಿಗೆ ತಂದಿದ್ದೆ. ಒಂದು ಪುಟ ಇಳಿಸಿದೆ, ಇನ್ನೊಂದು ಪುಟ ಇಳಿಸಿದೆ. ನನ್ನ ಹೆಸರು ಅಲ್ಲೊಂದು ಇಲ್ಲೊಂದು ಕಾಣಿಸಿತು, ಹೆಚ್ಚಿನವು ‘ಇಲ್ಲಿ ನಾಲ್ಕು ಸ್ಪೇಸ್ ಬಿಡಬೇಕು’ ಅಂತ ಮೇಷ್ಟ್ರಿಗೆ ಬರೆದ ಟಿಪ್ಪಣಿಗಳು. ಎರಡು ವರ್ಷ ನಾನು ಬೆಳಿಗ್ಗೆ ಎದ್ದು ಎರಡು ಬಸ್ಸು ಹತ್ತಿ ಬಂದು ಮಾಡಿದ ಕೆಲಸ ಅಷ್ಟೇ ಆಗಿತ್ತು. ಉಳಿದ ಹೊತ್ತೆಲ್ಲ ಇನ್ನೊಬ್ಬರ ಕೆಲಸವನ್ನು ಬಲಕ್ಕೆ ಎಡಕ್ಕೆ ಸರಿಸುತ್ತಾ ಕೂತಿದ್ದೆ.

ಕಂಪನಿಯವರು ಮೇಷ್ಟ್ರನ್ನು ಇಟ್ಟುಕೊಂಡರು. ಆ ಸುದ್ದಿ ಬಂದದ್ದು ವಾರ ಬಿಟ್ಟು. ನಾನು ಈಗ ಬೇರೆ ಕಡೆ ಕೆಲಸದಲ್ಲಿದ್ದೇನೆ, ಅಲ್ಲಿ ಎಲ್ಲರೂ ಎರಡೇ ಸ್ಪೇಸ್ ಬಿಡುತ್ತಾರೆ, ನಾನು ಬಾಯಿ ಮುಚ್ಚಿಕೊಂಡು ಎರಡೇ ಬಿಡುತ್ತೇನೆ. ಆದರೆ ಆ ಸೋಮವಾರ ಸುದ್ದಿ ಇನ್ನೂ ಬಂದಿರಲಿಲ್ಲ. ಕೆಲಸ ಸಿಗುತ್ತದೋ ಇಲ್ಲವೋ ಅಂತ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ತಮ್ಮ ಹೆಸರು ಸಾಲು ಸಾಲಾಗಿ ಮೇಲೆ ಹೋಗುತ್ತಿರುವುದು, ಪಕ್ಕದಲ್ಲಿ ನನ್ನ ಮುಖ.

ಅವರು ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಆ ಕಡೆಯವರಿಗೆ ಕೇಳಿಸದಷ್ಟು ಮೆಲ್ಲಗೆ, “ಸಾಕು ಬುಡಮ್ಮ, ಮುಚ್ಚು,” ಅಂದರು. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈಯೂ ಹಾಕಿದರು.

ನಾನು ಅವರ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ. ಇನ್ನೂ ಬಹಳ ಸಾಲುಗಳಿದ್ದವು. ಕೊನೆಯ ಫೈಲಿನ ಕೊನೆಯ ಸಾಲಿನವರೆಗೂ ಒಂದೊಂದೇ ಪುಟ ಇಳಿಸುತ್ತಾ, ಪಕ್ಕದಲ್ಲಿದ್ದ ಹೆಸರನ್ನು ಜೋರಾಗಿ ಓದುತ್ತಾ ಹೋದೆ.